ತಮ್ಮ ತಮ್ಮ ಮನೆಗಳಿಗೆ

"ಎರಡನೇದರಲ್ಲಿ ನೀವು ನಕ್ಕಿದೀರಿ," ಎಂದರು ರೇಡಿಯೋ ನಿಲಯದ ನಿರ್ದೇಶಕರು.

"ಇಲ್ಲ ಸಾರ್. ನಗೋಕೆ ಏನಿದೆ ಅದರಲ್ಲಿ?" ಎಂದಳು ಅವಳು. ಗಾಜಿನ ಆಚೆ ಕೂತಿದ್ದ ಧ್ವನಿಮುದ್ರಣದವನು ತಲೆಯೆತ್ತದೆ ಅವಳ ದನಿಯನ್ನು ಹಿಂದಕ್ಕೋಡಿಸಿ ಮತ್ತೆ ಬಿಟ್ಟ. ಕೋಣೆಯ ಮೂಲೆಮೂಲೆಯಿಂದ ಅವಳೇ ಮಾತಾಡತೊಡಗಿದಳು. ಮಗಳು ಹುಟ್ಟುವುದಕ್ಕೂ ಎಷ್ಟೋ ಮೊದಲಿನಿಂದ ವಾರ್ತೆ ಓದುತ್ತಿದ್ದರೂ, ತನ್ನ ದನಿಯನ್ನು ಹೀಗೆ ನಾಲ್ಕು ಜನರೆದುರು ನಿಂತು ಕೇಳುವುದೆಂದರೆ ಅವಳಿಗೆ, ಹಗ್ಗದ ಮೇಲೆ ಒಣಹಾಕಿದ ಒಳಬಟ್ಟೆಯನ್ನು ಯಾರೋ ಕೋಲಿನಿಂದ ಎತ್ತಿ ಹಿಡಿದು ಇದು ಯಾರದಮ್ಮಾ ಎಂದು ಕೇಳಿದ ಹಾಗೆ. ದನಿ ಸಮಾಧಾನವಾಗಿಯೇ ಹೋಗುತ್ತಿತ್ತು. ಮತ ಎಣಿಕೆ ಪೂರ್ಣಗೊಂಡಿದೆ ಎಂದಿತು, ಏಣಿ ಗುರುತಿನ ಪಕ್ಷ ಬಹುಮತ ಪಡೆದಿದೆ ಎಂದಿತು, ಎಲ್ಲವೂ ಶಾಂತಿಯುತವಾಗಿ ನಡೆಯಿತು ಎಂದಿತು. ಆಮೇಲೆ 'ಎಣಿಕೆ ಸಿಬ್ಬಂದಿ' ಎಂಬಲ್ಲಿಗೆ ಬರುವಾಗ ಏನೋ ಆಯಿತು. ಹಾಲು ಉಕ್ಕುವ ಮುಂಚೆ ಪಾತ್ರೆಯ ಅಂಚಿನಲ್ಲಿ ಒಂದು ಸುತ್ತು ನೊರೆ ಕಾಣಿಸಿಕೊಳ್ಳುತ್ತದಲ್ಲ, ಅಷ್ಟೇ. 'ತಮ್ಮ ತಮ್ಮ ಮನೆಗಳಿಗೆ ತೆರಳಿದ್ದಾರೆ' ಎಂದು ಮುಗಿಸುವಷ್ಟರಲ್ಲಿ ದನಿ ಸ್ಪಷ್ಟವಾಗಿ ನಗುತ್ತಿತ್ತು. ಸಾಲದೆಂಬಂತೆ ನಿರ್ದೇಶಕರು ಇನ್ನೊಮ್ಮೆ ಹಾಕಿಸಿದರು. ಟೀ ಲೋಟಗಳನ್ನು ತೆಗೆಯಲು ಬಂದಿದ್ದ ಆಯಾ ಬಾಗಿಲಲ್ಲೇ ನಿಂತು ಕೇಳಿ, "ಹೌದು, ನಗು ಇದೆ," ಎಂದು ತೀರ್ಪು ಕೊಟ್ಟು ಹೋದಳು.

ಫಲಿತಾಂಶ ಇನ್ನೂ ಬಂದಿರಲಿಲ್ಲ. ದೇಶವೆಲ್ಲ ಎಣಿಕೆ ಮುಗಿದು, ಏಣಿಯವರೂ ಕೊಡೆಯವರೂ ಸಮಸಮ ನಿಂತು, ಈ ಊರಿನ ಹಳೆಯ ವ್ಯಾಯಾಮಶಾಲೆಯಲ್ಲಿ ನಡೆಯುತ್ತಿದ್ದ ಒಂದು ಎಣಿಕೆಗೆ ಎಲ್ಲವೂ ಜೋತುಬಿದ್ದಿತ್ತು. ಅಲ್ಲಿ ಜಗಳವಾಗಿ ಎಣಿಕೆ ನಿಂತು, ಮತ್ತೆ ಶುರುವಾಗಿ, ಮತ್ತೆ ನಿಂತು, ಎಣಿಸುವವರನ್ನು ಒಳಗೇ ಇಟ್ಟು ಹೊರಗಿನಿಂದ ಬೀಗ ಹಾಕಿದ್ದರು. ಏಣಿಯವರು ಅಧಿಕಾರದಲ್ಲಿದ್ದರು, ಆದ್ದರಿಂದ ಗೆದ್ದೆವೆಂದು ಹೇಳಿದರು. ಕೊಡೆಯವರು ಅಧಿಕಾರದಲ್ಲಿರಲಿಲ್ಲ, ಆದ್ದರಿಂದ ಅವರೂ ಗೆದ್ದೆವೆಂದು ಹೇಳಿದರು. ಮೇಲಿನಿಂದ ಫೋನು ಬಂದ ಕೂಡಲೇ ತಡಮಾಡದೆ ಪ್ರಸಾರ ಮಾಡಲು ಎರಡೂ ಫಲಿತಾಂಶಗಳನ್ನು ಮೊದಲೇ ಓದಿಸಿಟ್ಟುಕೊಳ್ಳುವುದೆಂದು ನಿರ್ದೇಶಕರು ತೀರ್ಮಾನಿಸಿದ್ದರು. ಅವಳಿಗೆ ಇದು ಹೊಸದಲ್ಲ. ಹಾಸಿಗೆ ಹಿಡಿದ ದೊಡ್ಡ ಮನುಷ್ಯರ ಸಾವನ್ನು ಹೀಗೆ ಮುಂಗಡವಾಗಿ ಓದಿಟ್ಟದ್ದುಂಟು. ಅವರಲ್ಲೊಬ್ಬರು ಚೇತರಿಸಿಕೊಂಡು, ನಿಲಯದ ವಾರ್ಷಿಕೋತ್ಸವಕ್ಕೆ ಬಂದು, ಅವಳ ದನಿಯನ್ನು ಮನಸಾರೆ ಹೊಗಳಿ ಹೋಗಿದ್ದರು.

"ನೋಡಿಮ್ಮಾ, ನೀವು ಯಾರಿಗೆ ವೋಟು ಹಾಕಿದ್ರಿ ಅಂತ ನಾನು ಕೇಳಲ್ಲ," ಎಂದು ಕೇಳುವ ದನಿಯಲ್ಲೇ ಹೇಳಿದರು ನಿರ್ದೇಶಕರು. "ಏಣಿ ಗೆದ್ರೆ ಇವತ್ತಿಗೆ ನಿಮ್ಮ ನಗು ಸರಿಹೋಗುತ್ತೆ. ಮುಂದಿನ ಸಲ ಕೊಡೆ ಬಂದ್ರೆ? ಅವತ್ತು ನಿಮ್ಮ ರೇಡಿಯೋದವಳು ಕಿಸಿದಿದ್ಳಲ್ಲ ಅಂತ ನನ್ನ ಕೂರಿಸ್ಕೊಂಡು ಕೇಳ್ತಾರೆ. ನನ್ನ ಪೆನ್ಷನ್ನು ಬರೋದೇ ಅಷ್ಟೊತ್ತಿಗೆ."

"ಸಾರ್, ನಾನು ಏಣಿಗೆ..." ಎಂದು ಶುರುಮಾಡಿದಳು.

"ಬೇಡ ಬೇಡ, ಹೇಳ್ಬೇಡಿ! ಗೋಡೆಗೂ ಕಿವಿ ಇರುತ್ತೆ ಅಂತಾರೆ. ನಮ್ಮಲ್ಲಂತೂ ಗೋಡೇಲಿ ಮೈಕೇ ಇದೆ."

ಹೇಳಲು ಹೊರಟದ್ದು ಏಣಿಗೆ ನಾನು ಯಾವತ್ತೂ ಹಾಕಿದವಳಲ್ಲ ಎಂದು. ಏಣಿಯವರು ಕಟ್ಟದ ಸೇತುವೆಗಳ ಉದ್ಘಾಟನೆಯನ್ನು, ಹರಿಯದ ಕಾಲುವೆಗಳ ಉದ್ದಗಲವನ್ನು ವರ್ಷಗಟ್ಟಲೆ ಸಂಜೆ ಸಂಜೆ ಓದಿದ ಬಾಯಿ ಇದು. ಅದಕ್ಕೆ ಪ್ರಾಯಶ್ಚಿತ್ತವೆಂಬಂತೆ ಪ್ರತಿ ಚುನಾವಣೆಯಲ್ಲೂ ರಟ್ಟಿನ ಮರೆಯ ಹಿಂದೆ ನಿಂತು ಕೊಡೆಗೆ ಮುದ್ರೆ ಒತ್ತಿ ಬರುತ್ತಿದ್ದಳು. ಒತ್ತುವಾಗ ಬಾಯಿ ಬಿಡಬೇಕಾಗಿಲ್ಲ ಎಂಬುದೇ ದೊಡ್ಡ ನೆಮ್ಮದಿ. ಅಂಥವಳ ದನಿ ಏಣಿ ಗೆದ್ದಿತೆಂದು ನಕ್ಕಿತ್ತು. ಏಕೆಂದು ಅವಳಿಗೆ ಗೊತ್ತಿತ್ತು. ಎರಡು ಹಾಳೆಗಳನ್ನು ಅಕ್ಕಪಕ್ಕ ಇಟ್ಟರೆ ಯಾರಿಗಾದರೂ ಗೊತ್ತಾಗುತ್ತಿತ್ತು. ಕೊಡೆ ಗೆದ್ದರೆ ಓದಬೇಕಾದ ಹಾಳೆಯ ಕೊನೆಯಲ್ಲಿ, 'ಲೋಪಗಳ ಬಗ್ಗೆ ದೂರು ಬಂದಿರುವುದರಿಂದ ಎಣಿಕೆ ಸಿಬ್ಬಂದಿಯನ್ನು ವಿಚಾರಣೆಗಾಗಿ ವಶಕ್ಕೆ ತೆಗೆದುಕೊಳ್ಳಲಾಗಿದೆ' ಎಂದಿತ್ತು. ಏಣಿ ಗೆದ್ದರೆ ಓದಬೇಕಾದದ್ದರಲ್ಲಿ ಅವರು ತಮ್ಮ ತಮ್ಮ ಮನೆಗಳಿಗೆ ತೆರಳಿದ್ದರು. ಎಣಿಕೆ ಸಿಬ್ಬಂದಿಯಲ್ಲಿ ಅವಳ ಗಂಡನೂ ಇದ್ದ. ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುವ ಮೇಷ್ಟ್ರು; ಲೆಕ್ಕದ ಮೇಷ್ಟ್ರಿಗಿಂತ ಚೆನ್ನಾಗಿ ಎಣಿಸುವವರು ಯಾರು ಎಂದು ಕರೆಸಿಕೊಂಡವರು ವಾಪಸು ಕಳಿಸಿರಲಿಲ್ಲ. ಒಂದು ಶರ್ಟು, ಹಲ್ಲುಜ್ಜುವ ಬ್ರಷ್ಷು, ಪರೀಕ್ಷೆಯ ಉತ್ತರಪತ್ರಿಕೆಗಳ ಒಂದು ಕಟ್ಟು ಹಿಡಿದು, ಬಿಡುವಾದಾಗ ತಿದ್ದುತ್ತೇನೆ ಎಂದು ಹೋದವನು. ಬೀಗ ಬಿದ್ದ ಮೇಲೆ ದಿನವೂ ಅವಳು ಊಟದ ಡಬ್ಬಿಯನ್ನು ಗೇಟಿನ ಪೊಲೀಸನ ಕೈಗೆ ಕೊಟ್ಟು ಬರುತ್ತಿದ್ದಳು. ಡಬ್ಬಿ ತೊಳೆದು ವಾಪಸು ಬರುತ್ತಿತ್ತು. ಅವನು ಬದುಕಿದ್ದಾನೆಂದು ಅದರಿಂದ ತಿಳಿಯಬೇಕು, ಮನೆಯಲ್ಲಿ ಯಾವತ್ತೂ ಡಬ್ಬಿ ತೊಳೆಯದವನು.

ಅವನು ಅವಳನ್ನು ಮೊದಲು ಕಂಡದ್ದು ಇದೇ ರೇಡಿಯೋ ಕಟ್ಟಡದ ಮೆಟ್ಟಿಲ ಮೇಲೆ, ದೂರು ಹೇಳಲು ಬಂದಾಗ. ಕೈಯಲ್ಲಿ ನೆನೆದ ಟೋಪಿ, ಕಿಸೆಯಲ್ಲಿ ಸೀಮೆಸುಣ್ಣದ ಪುಡಿ. ನಿನ್ನೆಯ ವಾರ್ತೆಯಲ್ಲಿ ನೀವು ಓದಿದ ಶೇಕಡಾವಾರುಗಳನ್ನೆಲ್ಲ ಕೂಡಿದರೆ ನೂರಕ್ಕೂ ಹೆಚ್ಚಾಗುತ್ತದೆ, ಎಂದಿದ್ದ. ನಾನು ಬರೆದುಕೊಟ್ಟದ್ದನ್ನು ಓದುವವಳು ಅಷ್ಟೆ, ಎಂದು ಅವಳು ತಿರುಗಿ ನಡೆದಿದ್ದಳು. ಹಿಂದಿನಿಂದ ಅವನು, ಜಗಳದ ದನಿಯಲ್ಲಲ್ಲ, ನಿಜವಾಗಿ ತಿಳಿಯಬೇಕೆಂಬ ದನಿಯಲ್ಲಿ, "ಓದುವಾಗ ಗೊತ್ತಾಗ್ಲಿಲ್ವಾ?" ಎಂದು ಕೇಳಿದ್ದ. ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಹುಡುಕುತ್ತ ಮದುವೆಯೇ ಆಗಿಹೋಯಿತು ಎಂದು ಅವಳು ಆಮೇಲೆ ಗೆಳತಿಯರೊಡನೆ ತಮಾಷೆ ಮಾಡುತ್ತಿದ್ದಳು. ಉತ್ತರವನ್ನು ಮಾತ್ರ ಕೊಟ್ಟಿರಲಿಲ್ಲ. ಗೊತ್ತಾಗುತ್ತಿತ್ತು. ಓದುವಾಗ ಯಾವಾಗಲೂ ಗೊತ್ತಾಗುತ್ತಿತ್ತು. ಅನ್ನದಲ್ಲಿ ಕಲ್ಲು ಸಿಕ್ಕಾಗ ನೆಂಟರೆದುರು ಉಗುಳಲಾಗದೆ ನುಂಗುತ್ತಾರಲ್ಲ, ಹಾಗೆ ನುಂಗಿ ಮುಂದಿನ ಸಾಲಿಗೆ ಹೋಗುತ್ತಿದ್ದಳು.

"ಇನ್ನೊಂದ್ಸಲ ಓದಿಬಿಡಿ," ಎಂದರು ನಿರ್ದೇಶಕರು. "ಏನಾದ್ರೂ ಬೇಜಾರಿನದ್ದು ನೆನೆಸ್ಕೊಳ್ಳಿ. ನಮ್ಮ ಬೀಗರು ಬಂದಾಗ ನಾನು ಹಂಗೇ ಮಾಡೋದು. ನಗು ತಾನಾಗೇ ನಿಲ್ಲುತ್ತೆ."

ಅವಳು ಮೈಕಿನ ಮುಂದೆ ಕೂತಳು. ಬಾಗಿಲ ಮೇಲೆ ಕೆಂಪು ದೀಪ ಹತ್ತಿತು. ಬೇಜಾರಿನದ್ದನ್ನು ಹುಡುಕಲು ಹೋದ ಮನಸ್ಸು ಮೊದಲು ಬೆಳಗಿನ ಬಚ್ಚಲಿಗೆ ಹೋಯಿತು. ಮಗಳು ಅಲ್ಲಿ ಖಾಲಿ ಬಕೆಟ್ಟಿನೊಳಗೆ ತಲೆ ಹಾಕಿಕೊಂಡು ವಾರ್ತೆ ಓದುತ್ತಿದ್ದಳು. ಬಕೆಟ್ಟಿನಲ್ಲಿ ದನಿ ಅಮ್ಮನ ದನಿಯಂತೆ ಗಂಭೀರವಾಗುತ್ತದೆ ಎಂಬುದು ಅವಳ ಸಂಶೋಧನೆ. 'ಮುಖ್ಯಾಂಶಗಳು. ಅಜ್ಜಿ ಬೆಲ್ಲ ಕದ್ದು ತಿಂದಿದ್ದಾರೆ. ಅಪ್ಪ ಇನ್ನು ಬರುವುದೇ ಇಲ್ಲ ಎಂದು ಶಾಲೆಯ ಮೂಲಗಳು ತಿಳಿಸಿವೆ.' ಅತ್ತೆ ಅಡುಗೆಮನೆಯಿಂದ ಸೌಟು ಹಿಡಿದೇ ಓಡಿಬಂದಿದ್ದರು. "ಥೂ, ಮುಂಡೇದೇ! ಎಂಥ ಮಾತಾಡ್ತೀಯೇ? ಬಿಡ್ತು ಅನ್ನು!" ಮಗಳು ಬಕೆಟ್ಟಿನೊಳಗಿಂದಲೇ, ಅದೇ ಗಾಂಭೀರ್ಯದಲ್ಲಿ, 'ಬಿಡ್ತು. ಇಲ್ಲಿಗೆ ವಾರ್ತೆ ಮುಗಿಯಿತು' ಎಂದಳು. ಅತ್ತೆಗೆ ಸಿಟ್ಟಿನ ನಡುವೆಯೇ ನಗು ಬಂದು ಸೌಟಿನಿಂದ ಬಾಯಿ ಮುಚ್ಚಿಕೊಂಡಿದ್ದರು. ಇದನ್ನು ನೆನೆದರೆ ನಗು ಹೋಗುವ ಬದಲು ಹೆಚ್ಚಾಗುವ ಹಾಗಿತ್ತು. ಆದ್ದರಿಂದ ಅವಳು ಮುಂದಕ್ಕೆ ಹೋದಳು, ಹೋಗಬಾರದ ಕಡೆಗೆ. ಬಾಗಿಲ ಬಳಿ ಅವನ ಚಪ್ಪಲಿ ಇಲ್ಲ. ಮೊದಲ ಕೆಲವು ದಿನ ಆ ಜಾಗ ಖಾಲಿ ಇದೆ, ಆಮೇಲೆ ಅಲ್ಲಿ ಮಗಳ ಶೂ ಬಂದು ಕೂತಿದೆ. ಅತ್ತೆ ಮೂರು ತಟ್ಟೆ ಹಾಕುತ್ತಾರೆ, ನಾಲ್ಕನೆಯದಕ್ಕೆ ಕೈಹಾಕಿ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಸ್ವಲ್ಪ ಕಾಲ ಕಳೆದರೆ ಕೈಹಾಕುವುದೂ ಇಲ್ಲ. ಸೀಮೆಸುಣ್ಣದ ವಾಸನೆಯ ಶರ್ಟನ್ನು ಅವಳು ಬೇಡ ಬೇಡವೆನ್ನುತ್ತಲೇ ಒಂದು ದಿನ ಒಗೆಯುತ್ತಾಳೆ, ಕತ್ತರಿಸಿ ಒರೆಸುವ ಬಟ್ಟೆ ಮಾಡುತ್ತಾಳೆ, ಬಟ್ಟೆ ಚೆನ್ನಾಗಿ ನೀರು ಹೀರುತ್ತದೆ. ಮಗಳು ಬಕೆಟ್ಟಿನಲ್ಲಿ ಬೇರೆ ಏನೋ ವಾರ್ತೆ ಓದುತ್ತಾಳೆ. ಅಲ್ಲಿಗೆ ತಲುಪಿದಾಗ ಗಾಜಿನಾಚೆಯಿಂದ ಸನ್ನೆ ಬಂತು, ಅವಳು ಓದಿದಳು. ಎಣಿಕೆ ಸಿಬ್ಬಂದಿ ತಮ್ಮ ತಮ್ಮ ಮನೆಗಳಿಗೆ ತೆರಳಿದ್ದಾರೆ. ದನಿ ಸಾರಿಸಿದ ನೆಲದಂತೆ ಬಂತು, ಒಂದು ಗೀರಿಲ್ಲ.

"ಇದಪ್ಪಾ ಓದು ಅಂದ್ರೆ!" ಎಂದರು ನಿರ್ದೇಶಕರು. "ಯಾರು ಬೇಕಾದ್ರೂ ನಂಬ್ತಾರೆ. ಏನು ನೆನೆಸ್ಕೊಂಡ್ರಿ?"

"ಬಟ್ಟೆ ಒಗೆಯೋದಿತ್ತು," ಎಂದಳು.

ಅವಳಿಗೆ ಕೂಡಲೇ 'ಬಿಡ್ತು' ಎನ್ನಬೇಕಾಗಿತ್ತು. ನಂಬಿಕೆಯೇನಲ್ಲ, ಅತ್ತೆಯ ಬಾಯಿಂದ ಕೇಳಿ ಕೇಳಿ ಬಂದ ಅಭ್ಯಾಸ, ಸೀನಿದ ಮೇಲೆ ಮೂಗೊರೆಸಿಕೊಂಡಂತೆ. ಆದರೆ ಓದಿ ಮುಗಿಸಿದಾಗ ಕೆಂಪು ದೀಪ ಇನ್ನೂ ಹತ್ತಿತ್ತು, ಅದು ಹತ್ತಿರುವಾಗ ಹಾಳೆಯಲ್ಲಿಲ್ಲದ ಮಾತನ್ನು ಅವಳು ಯಾವತ್ತೂ ಆಡಿದವಳಲ್ಲ. ದೀಪ ಆರಿದ ಮೇಲೆ ನಿರ್ದೇಶಕರಿದ್ದರು, ಆಮೇಲೆ ಆಯಾ ಇದ್ದಳು, ಆಮೇಲೆ ಹೊತ್ತು ಮೀರಿತ್ತು. ಗಂಡನಿಲ್ಲದ ಮನೆಯನ್ನು ತಾನು ಎಷ್ಟು ಅಚ್ಚುಕಟ್ಟಾಗಿ ಕಟ್ಟಿದೆನಲ್ಲ ಎಂದು ಯೋಚಿಸುತ್ತ ಮೆಟ್ಟಿಲಿಳಿದಳು. ಒರೆಸುವ ಬಟ್ಟೆ ನೀರು ಹೀರುವುದನ್ನೂ ಕಲ್ಪಿಸದೆ ಬಿಟ್ಟಿರಲಿಲ್ಲ.

ಮನೆಯಲ್ಲಿ ಅತ್ತೆ ಡಬ್ಬಿ ಕಟ್ಟಿಟ್ಟು ಕಾಯುತ್ತಿದ್ದರು. ಸೊಸೆ ಕಾಲು ತೊಳೆದು ಒಳಗೆ ಬರುವ ಮೊದಲೇ, "ಏನಂತೆ?" ಎಂದರು. ರೇಡಿಯೋದವಳಾದ್ದರಿಂದ ಎಲ್ಲವೂ ಮೊದಲೇ ಗೊತ್ತಿರುತ್ತದೆ, ಬೇಕೆಂದೇ ಹೇಳುವುದಿಲ್ಲ ಎಂದು ಅವರ ಅನುಮಾನ. ಈ ಸಲ ಅದು ಅರ್ಧ ನಿಜವೂ ಆಗಿತ್ತು.

"ಏನೂ ಇಲ್ಲ ಅತ್ತೆ. ಇನ್ನೂ ಗೊತ್ತಿಲ್ಲ."

"ಏಣಿನೋ ಕೊಡೆನೋ, ಯಾವುದಾದ್ರೂ ಹಾಳಾಗಿ ಹೋಗ್ಲಿ. ನನ್ನ ಮಗನ್ನ ಬಿಡ್ತಾರಾ?"

ಏಣಿಯಾದರೆ ಬಿಡ್ತಾರೆ ಅತ್ತೆ, ಎಂದು ಬಾಯಿಗೆ ಬಂದದ್ದನ್ನು ತಡೆದುಕೊಂಡಳು. ಹೇಳಿದ್ದರೆ ಅತ್ತೆ ಇಲ್ಲೇ ಕೂತು ಏಣಿ ಗೆಲ್ಲಲಿ ಎಂದು ಬೇಡಿಕೊಳ್ಳುತ್ತಿದ್ದರು. ಬೆಳಗಿನಿಂದ ತಾನು ಮಾಡುತ್ತಿರುವುದೂ ಅದನ್ನೇ ಅಲ್ಲವೇ ಎಂದು ಹೊಳೆದು, ಡಬ್ಬಿಯ ಗಂಟನ್ನು ಬಿಚ್ಚಿ ಸುಮ್ಮನೆ ಮತ್ತೆ ಕಟ್ಟಿದಳು. "ಮಳೆ ಹನೀತಿದೆ. ಕೊಡೆ ತಗೊಂಡು ಹೋಗು," ಎಂದು ಅತ್ತೆ ಮೂಲೆಯಿಂದ ತಂದು ಕೊಟ್ಟರು. "ನೆನೆದು ಗಂಟಲು ಕಟ್ಟಿದ್ರೆ ಕೆಲಸಕ್ಕೂ ಸಂಚಕಾರ." "ಬೇಡ ಅತ್ತೆ, ಬಿಡಿಸೋ ಹಾಗಿಲ್ಲ." "ಬಿಡಿಸ್ಬೇಡ. ಚೀಲದಲ್ಲಿಟ್ಕೋ. ಜೊತೇಲಿದ್ರೆ ಒಂದು ಧೈರ್ಯ." ಮಗಳು ಬಕೆಟ್ಟನ್ನು ತಲೆಗೆ ಟೋಪಿಯಂತೆ ಹಾಕಿಕೊಂಡು ಬಾಗಿಲವರೆಗೆ ಬಂದು, "ಅಮ್ಮಾ, ಅಪ್ಪಂಗೆ ಹೇಳು, ಭಾಗಾಕಾರ ನಾನೇ ಮಾಡಿದೆ ಅಂತ," ಎಂದಳು. "ಹೇಳ್ತೀನಿ ಪುಟ್ಟಾ." "ಶೇಷ ಉಳೀತು ಅಂತಾನೂ ಹೇಳು."

ಬೀದಿಯಲ್ಲಿ ಜನ ನೆನೆಯುತ್ತ ನಡೆಯುತ್ತಿದ್ದರು. ಎಣಿಕೆ ನಿಂತಂದಿನಿಂದ ಊರಿನಲ್ಲಿ ಯಾರೂ ಕೊಡೆ ಬಿಚ್ಚಿರಲಿಲ್ಲ. ಬಿಚ್ಚಿದರೆ ಪಕ್ಷ ಹೇಳಿದಂತೆ. ಬ್ಯಾಂಕಿನ ಮ್ಯಾನೇಜರು ತಲೆಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಘನತೆಯಿಂದ ರಸ್ತೆ ದಾಟಿದರು. ಮೂಲೆಮನೆಯ ಬಣ್ಣ ಬಳಿಯುವವನು ತನ್ನ ಏಣಿಗೆ ಹಾಸಿಗೆಯ ದುಪ್ಪಟಿ ಸುತ್ತಿ, ಹಗ್ಗ ಬಿಗಿದು, ಮನೆಯ ಹಿಂದೆ ಮಲಗಿಸಿ, ಕೆಲಸವಿಲ್ಲದೆ ಕಟ್ಟೆಯ ಮೇಲೆ ಕೂತಿದ್ದ. ಯಾರೋ ಸತ್ತಿದ್ದಾರೆಂದು ನೆರೆಯ ಮುದುಕಿ ಬಂದು ವಿಚಾರಿಸಿದ್ದಳಂತೆ. ಅಂಗಡಿಯಲ್ಲಿ ಅವಳು ಗಂಡನಿಗೆ ಒಂದು ಬ್ಲೇಡು ಕೊಡಿ ಎಂದದ್ದೇ ತಪ್ಪಾಯಿತು. ಮುಖ ಕಂಡರೆ ಗುರುತಿಸದ ಊರು, ದನಿ ಕೇಳಿದರೆ ಬಿಡುವುದಿಲ್ಲ. "ಓಹೋ, ರೇಡಿಯೋ ಅಕ್ಕ!" ಎಂದು ಅಂಗಡಿಯವನು ತಕ್ಕಡಿ ಬಿಟ್ಟ. ಬೆನ್ನುಹಾಕಿ ನಿಂತಿದ್ದವರೆಲ್ಲ ತಿರುಗಿದರು. ಒಬ್ಬ, "ನಮ್ಮಂಥೋರಿಗೆ ಕಿವಿಯಲ್ಲಾದ್ರೂ ಹೇಳಿ ಅಕ್ಕಾ, ಯಾರು?" ಎಂದ. ಇನ್ನೊಬ್ಬ, "ಅವರೇನು ಹೇಳ್ತಾರೆ? ಹಾಳೆ ಕೊಟ್ರೆ ನಮ್ಮ ಗಿಳಿಯೂ ಓದುತ್ತೆ," ಎಂದ. ಜನ ನಕ್ಕರು. ಅವಳೂ ನಕ್ಕಳು, ನಗದಿದ್ದರೆ ಅದಕ್ಕೂ ಒಂದು ಅರ್ಥ ಹುಟ್ಟುತ್ತಿತ್ತು. ಬ್ಲೇಡು ಚೀಲಕ್ಕೆ ಹಾಕಿಕೊಂಡು ಹೊರಟಾಗ ಗಿಳಿಗೆ ಓದುವಾಗ ಗೊತ್ತಾಗುವುದಿಲ್ಲ, ಅದೊಂದು ಅನುಕೂಲ, ಎಂದುಕೊಂಡಳು.

ವ್ಯಾಯಾಮಶಾಲೆಯ ಹಿಂದಿನ ಗೇಟಿನಲ್ಲಿ ಏಣಿಯವರು ನೆರೆದಿದ್ದರು, ಮುಂದಿನ ಗೇಟಿನಲ್ಲಿ ಕೊಡೆಯವರು. ಡಬ್ಬಿ ತೆಗೆದುಕೊಳ್ಳುವ ಪೊಲೀಸ ಇರುತ್ತಿದ್ದದ್ದು ಮುಂದಿನ ಗೇಟಿನಲ್ಲಿ. ಇವತ್ತು ಅವನು ಕಂಬಿಯ ಒಳಗಿನಿಂದಲೇ ಕೈಯಾಡಿಸಿ, "ಏನೂ ಬಿಡೋ ಹಾಗಿಲ್ಲ, ಹೋಗಿ," ಎಂದ. ಅವಳು ಹೋಗಲಿಲ್ಲ, ಗೋಡೆಗೆ ಒತ್ತಿ ನಿಂತಳು. ಕೊಡೆಯವರೆಂದರೆ ಅವಳು ವರ್ಷಗಳಿಂದ ಮನಸ್ಸಿನಲ್ಲೇ ಬೆಂಬಲಿಸಿಕೊಂಡು ಬಂದ ಜನ. ಹತ್ತಿರದಿಂದ ಕಂಡದ್ದು ಇದೇ ಮೊದಲು. ಹೊಲಿಗೆ ಬಿಟ್ಟ ತೋಳುಗಳು, ಒದ್ದೆ ಕೂದಲು, ನಿದ್ದೆಯಿಲ್ಲದ ಕಣ್ಣು. ತನ್ನ ತಮ್ಮನಂತೆ ಕಾಣುವವರು ನಾಲ್ಕಾರು ಜನ ಇದ್ದರು. ಒಬ್ಬ ಇಟ್ಟಿಗೆಯ ಚೂರನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸುತ್ತ ನಿಂತಿದ್ದ, ಬಿಸಿ ಆಲೂಗೆಡ್ಡೆ ಹಿಡಿದವನ ಹಾಗೆ. "ಒಳಗಿರೋ ಕಳ್ಳರನ್ನ ಹೊರಗೆ ಬಿಡ್ಲಿ ನೋಡೋಣ," ಎನ್ನುತ್ತಿದ್ದ. "ಎಣಿಸೋ ಬೆರಳು ಒಂದೊಂದೂ ಮುರೀತೀನಿ." ಅವಳಿಗೆ ಗಂಡನ ಬೆರಳುಗಳು ನೆನಪಾದವು. ಮಗಳಿಗೆ ಲೆಕ್ಕ ಹೇಳಿಕೊಡುವಾಗ ಅವನು ಬೆರಳಿನ ಗೆಣ್ಣುಗಳನ್ನೇ ಎಣಿಸುತ್ತಿದ್ದ, ಕಿರುಬೆರಳಿನ ಬುಡದಿಂದ ಶುರುಮಾಡಿ.

ರೇಡಿಯೋಗಳು ಒಮ್ಮೆಲೇ ಗಂಟೆ ಬಾರಿಸಿದವು. ಒಬ್ಬೊಬ್ಬರ ಕಿಸೆಯಿಂದ, ಟೀ ಅಂಗಡಿಯಿಂದ, ಗೇಟಿನ ಒಳಗೆ ಪೊಲೀಸನ ಮೇಜಿನಿಂದ. ಗಂಟೆಯ ನಂತರ ಉಸಿರು, ಉಸಿರಿನ ನಂತರ ಮಾತು. ಎರಡೂ ಹಾಳೆಗಳ ಮೊದಲ ವಾಕ್ಯ ಒಂದೇ ಆದ್ದರಿಂದ ಜನ ಇನ್ನೂ ಕಾಯುತ್ತಿದ್ದರು. ಅವಳು ಕಾಯಬೇಕಾಗಿರಲಿಲ್ಲ. ಕೊಡೆಯ ಹಾಳೆ ಓದುವ ಮೊದಲು ಅವಳು ಸಣ್ಣಗೆ ಕೆಮ್ಮಿದ್ದಳು, ಅದರ ಬಾಲ ಮೊದಲ ಅಕ್ಷರಕ್ಕೆ ಅಂಟಿಕೊಂಡು ಉಳಿದಿತ್ತು. ಇದರಲ್ಲಿ ಕೆಮ್ಮಿರಲಿಲ್ಲ. ಇಡೀ ದೇಶಕ್ಕಿಂತ ಒಂದು ವಾಕ್ಯ ಮುಂಚೆ ಅವಳಿಗೆ ಗೊತ್ತಾಯಿತು, ಮೈಯೆಲ್ಲ ಹಗುರಾಯಿತು, ಆ ಹಗುರಕ್ಕೆ ನಾಚಿಕೆಯಾಯಿತು. ಆಮೇಲೆ ಅವಳ ದನಿ ಏಣಿ ಎಂದಿತು. ಹಿಂದಿನ ಗೇಟಿನಿಂದ ಕೇಕೆ ಎದ್ದಿತು. ಮುಂದಿನ ಗೇಟಿನಲ್ಲಿ ಯಾರೂ ಕೂಗಲಿಲ್ಲ. ಕಂಬಿಗಳು ಮಾತ್ರ ಗಲಗಲ ಅಲುಗಿದವು, ಜನ ಒಟ್ಟಾಗಿ ಅವಕ್ಕೆ ಮೈಕೊಟ್ಟಿದ್ದರು. ಇಟ್ಟಿಗೆಯವನು ಇವಳ ಪಕ್ಕಕ್ಕೇ ತಳ್ಳಿಕೊಂಡು ಬಂದ. ಡಬ್ಬಿ ಕಂಡಿತು.

"ಡಬ್ಬಿ ಯಾರಿಗಮ್ಮಾ?"

ಅವಳು ಬಾಯಿ ತೆರೆದಳು, ಮುಚ್ಚಿದಳು. ಅವನ ಕಿಸೆಯಲ್ಲಿ ಅವಳು ಇನ್ನೂ ಓದುತ್ತಿದ್ದಳು. ಒಂದು ಮಾತಾಡಿದರೆ ಎರಡು ದನಿಯೂ ಒಂದೇ ಎಂದು ಮಗುವಿಗೂ ತಿಳಿಯುತ್ತಿತ್ತು.

"ಕೇಳಿಸ್ಲಿಲ್ವಾ? ಒಳಗಿರೋರಿಗಾ? ನಿಮ್ಮೋರು ಯಾರು ಒಳಗೆ?"

ಅವಳು ಬೆರಳಿನಿಂದ ತನ್ನ ಬಾಯಿ ತೋರಿಸಿ ಕೈಯಾಡಿಸಿದಳು, ಇಲ್ಲವೆಂದು. ಯೋಚಿಸಿ ಮಾಡಿದ್ದಲ್ಲ. ಅವನು ಒಂದು ಕ್ಷಣ ಅವಳನ್ನೇ ನೋಡಿದ. ಮುಖದ ಬಿಗಿ ಸಡಿಲವಾಯಿತು. "ಮಾತು ಬರಲ್ವಾ? ಅಯ್ಯೋ ಪಾಪ," ಎಂದು, ಹಿಂದಿದ್ದವರಿಗೆ, "ಏಯ್, ತಳ್ಬೇಡ್ರೋ, ಮೂಗಿ ಅಂತೆ," ಎಂದು ಕೂಗಿ, ಇಟ್ಟಿಗೆ ಹಿಡಿದ ಕೈಯನ್ನೇ ಅಡ್ಡಹಿಡಿದು ಅವಳಿಗೆ ಜಾಗ ಮಾಡಿಕೊಟ್ಟ. ಆ ಇಕ್ಕಟ್ಟಿನಲ್ಲಿ, ಅವನ ತೋಳಿನ ಆಸರೆಯಲ್ಲಿ ನಿಂತು ಅವಳು ತನ್ನ ಕೊನೆಯ ವಾಕ್ಯವನ್ನು ಕೇಳಿಸಿಕೊಂಡಳು. ಎಣಿಕೆ ಸಿಬ್ಬಂದಿ ತಮ್ಮ ತಮ್ಮ ಮನೆಗಳಿಗೆ ತೆರಳಿದ್ದಾರೆ.

ಕಂಬಿಗಳು ನಿಂತವು. "ಹೋದ್ರಂತೆ ಕಣೋ," ಎಂದ ಯಾರೋ.

"ಯಾವಾಗ ಹೋದ್ರು? ಈ ಗೇಟು ತೆಗೆದೇ ಇಲ್ವಲ್ಲ."

"ಹಿಂದಿನಿಂದ ಸಾಗಿಸಿರ್ತಾರೆ. ಅಲ್ಲಿ ಅವರದೇ ಜನ ಅಲ್ವಾ? ನಾವಿಲ್ಲಿ ಕಂಬಿ ಕಾಯ್ಕೊಂಡು ನಿಂತ್ವಿ, ದಡ್ಡರ ಹಾಗೆ."

"ಸುಳ್ಳಿರಬಹುದು."

ಇಟ್ಟಿಗೆಯವನು ತಲೆಯಾಡಿಸಿದ. "ಏಣಿ ಗೆದ್ದಿದ್ದು ಸುಳ್ಳೇ. ಆದ್ರೆ ಇದನ್ನ ಸುಳ್ಳು ಹೇಳಿ ಅವರಿಗೇನು ಬರ್ಬೇಕು? ಆಯಮ್ಮ ಓದಿದ್ದು ಕೇಳಿದ್ಯಲ್ಲ, ಎಷ್ಟು ತಣ್ಣಗೆ ಓದಿದ್ಳು. ಮನೆಗೆ ಹೋಗಿ ಕಾಲು ಚಾಚಿಕೊಂಡು ಕೂತಿರ್ತಾರೆ." ಅವನು ಇಟ್ಟಿಗೆಯನ್ನು ಚರಂಡಿಗೆ ಎಸೆದ. ಗುಂಪು ಕಂಬಿಯಿಂದ ಕಳಚಿಕೊಂಡು, ಮೊದಲು ನಿಧಾನವಾಗಿ, ಆಮೇಲೆ ಬಿರುಸಾಗಿ ದೊಡ್ಡ ರಸ್ತೆಯ ಕಡೆಗೆ ಹೊರಟಿತು, ಏಣಿಯವರ ಕಚೇರಿಯ ದಿಕ್ಕಿಗೆ. ಹೋಗುವಾಗ ಅವನು ಹಿಂತಿರುಗಿ ಅವಳಿಗೆ, ಕಿವಿಯೂ ಕೇಳಿಸದೆಂದುಕೊಂಡು ಕೈಸನ್ನೆ ಮಾಡಿ, ಮನೆಗೆ ಹೋಗಮ್ಮಾ ಎಂದ. ಅವಳು ತಲೆಯಾಡಿಸಿದಳು. ಈ ಒಬ್ಬನಿಗಾದರೂ ಹೇಳಬೇಕೆನಿಸಿತ್ತು, ನಾನೂ ಕೊಡೆಗೇ ಹಾಕಿದ್ದು ಕಣಪ್ಪಾ ಎಂದು. ಅವನು ಬಹಳ ದೂರ ಹೋಗಿ ಆಗಿತ್ತು. ಹಿಂದಿನ ಗೇಟಿನ ಕಡೆಯ ತಮಟೆಯೂ ಮೆರವಣಿಗೆಯಾಗಿ ಇನ್ನೊಂದು ಬೀದಿಗೆ ಇಳಿದಿತ್ತು. ಕಟ್ಟಡದ ಎದುರು ಹರಿದ ಚಪ್ಪಲಿಗಳು, ಟೀ ಲೋಟಗಳು, ಮತ್ತು ಅವಳು.

ದೊಡ್ಡ ಗೇಟು ತೆರೆಯಲಿಲ್ಲ. ಪಕ್ಕದ ಗೋಡೆಯಲ್ಲಿ ಕಸ ಸಾಗಿಸುವ ಸಣ್ಣ ಬಾಗಿಲು ತೆರೆದು, ಪೊಲೀಸ ಎಡಬಲ ನೋಡಿ, ಒಳಗಿನವರನ್ನು ಒಬ್ಬೊಬ್ಬರಾಗಿ ಬಿಟ್ಟ. ಅವರು ಬಗ್ಗಿ ಹೊರಗೆ ಬಂದು, ಬೆನ್ನು ನೆಟ್ಟಗೆ ಮಾಡಿ, ಎಲ್ಲಿಗೆ ಹೋಗಬೇಕೆಂದು ಮರೆತವರಂತೆ ನಿಲ್ಲುತ್ತಿದ್ದರು. ಗಂಡ ಬಂದಾಗ ಕಂಕುಳಲ್ಲಿ ಉತ್ತರಪತ್ರಿಕೆಗಳ ಕಟ್ಟು, ಕೆನ್ನೆಯ ತುಂಬ ಬಿಳಿ ಬೆರೆತ ಗಡ್ಡ. ಬಿಳಿ ಇಷ್ಟಿದೆಯೆಂದು ಅವಳಿಗೆ ಗೊತ್ತಿರಲಿಲ್ಲ.

"ಬಿಡ್ತು," ಎಂದಳು ಅವಳು. ಅಷ್ಟು ಹೊತ್ತಿನ ಮೇಲೆ ಬಾಯಿಂದ ಬಂದ ಮೊದಲ ಮಾತು.

"ಏನು ಬಿಡ್ತು?"

"ಏನಿಲ್ಲ. ಅತ್ತೆ ಮೊಟ್ಟೆ ಬೇಯಿಸಿ ಕಳಿಸಿದಾರೆ. ಇಲ್ಲೇ ತಿಂತೀರಾ?"

"ಮನೇಲಿ ತಿಂತೀನಿ. ಪುಟ್ಟಿ ಏನು ಮಾಡ್ತಿದೆ?"

"ಭಾಗಾಕಾರ ಮಾಡಿದಾಳೆ. ಶೇಷ ಉಳೀತಂತೆ."

"ಉಳೀಬಾರ್ದಲ್ಲ," ಎಂದ ಅವನು, ಚಿಂತೆಯಿಂದ. ಇಬ್ಬರೂ ಮನೆಯ ಕಡೆಗೆ ನಡೆದರು. ಮಳೆ ಸಣ್ಣಗೆ ಬೀಳುತ್ತಲೇ ಇತ್ತು, ಕೊಡೆ ಚೀಲದಲ್ಲೇ ಇತ್ತು. ಬೀದಿಯ ತಿರುವಿನಲ್ಲಿ ಅವನು, ಪೋಸ್ಟು ಬಂತಾ ಎಂದು ಕೇಳುವ ದನಿಯಲ್ಲಿ ಕೇಳಿದ: "ಯಾರು ಗೆದ್ರಂತೆ?"

ಅವಳು ತಿರುಗಿ ಅವನ ಮುಖ ನೋಡಿದಳು. ತಮಾಷೆ ಮಾಡುತ್ತಿರಲಿಲ್ಲ. "ರೇಡಿಯೋ ಇರ್ಲಿಲ್ವಾ ಒಳಗೆ?"

"ಎಲ್ಲ ಕಿತ್ಕೊಂಡಿದ್ರು. ಈಗ ಬಂದು, ಎದ್ದೇಳಿ, ಮನೆಗೆ ಹೋಗಿ ಅಂದ್ರು. ಬಂದ್ವಿ."

"ಏಣಿ," ಎಂದಳು.

ಅವನು ನಾಲ್ಕು ಹೆಜ್ಜೆ ನಡೆದು ನಿಂತ. ಉತ್ತರಪತ್ರಿಕೆಯ ಕಟ್ಟನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡ. "ಹೆಂಗೆ?" ಎಂದ. "ನಮ್ಮ ಮೇಜಲ್ಲಿ ಇನ್ನೂ ಪೆಟ್ಟಿಗೆಗಳು ಹಾಗೇ ಇದ್ವು. ಸೀಲು ಕೂಡ ಒಡೆದಿರ್ಲಿಲ್ಲ."

ಈಗ ಕೇಳುತ್ತಾನೆ ಎಂದುಕೊಂಡಳು. ಅಂದು ಮೆಟ್ಟಿಲ ಮೇಲೆ ಕೇಳಿದ್ದನ್ನೇ, ಅದೇ ದನಿಯಲ್ಲಿ. ಉತ್ತರವನ್ನು ಈ ಸಲ ಕೊಟ್ಟುಬಿಡಬೇಕೆಂದು ಗಂಟಲನ್ನು ಸರಿಮಾಡಿಕೊಂಡು ಕಾದಳು. ಹೌದು ರೀ, ಗೊತ್ತಾಗಿತ್ತು, ಎರಡನೇ ಸಲ ಓದುವಾಗ ಇನ್ನೂ ಚೆನ್ನಾಗಿ ಗೊತ್ತಾಗಿತ್ತು. ಅವನು ಕೇಳಲಿಲ್ಲ. ಕನ್ನಡಕ ತೆಗೆದು, ಒದ್ದೆ ಶರ್ಟಿನ ತುದಿಯಿಂದ ಒರೆಸಿ, ಇನ್ನಷ್ಟು ಮಬ್ಬು ಮಾಡಿಕೊಂಡು ಮತ್ತೆ ಹಾಕಿಕೊಂಡ. "ಚಪ್ಪಲಿ ಕಿತ್ತುಹೋಗಿದೆ," ಎಂದ. "ನಿಧಾನ ನಡಿ."

ಎದುರಿನ ಟೀ ಅಂಗಡಿಯಲ್ಲಿ ಗಂಟೆ ಬಾರಿಸಿತು. ಫಲಿತಾಂಶವನ್ನು ಮತ್ತೆ ಮತ್ತೆ ಹಾಕುತ್ತಲೇ ಇರುವುದೆಂದು ನಿರ್ದೇಶಕರು ಹೇಳಿದ್ದರು. ಎಣಿಕೆ ಪೂರ್ಣಗೊಂಡಿದೆ, ಎಂದಿತು ಅವಳ ದನಿ. ಅವನು ಆ ಕಡೆ ನೋಡಿದ, ಅವಳ ಕಡೆ ನೋಡಲಿಲ್ಲ. ಎಲ್ಲವೂ ಶಾಂತಿಯುತವಾಗಿ ನಡೆಯಿತು, ಎಂದಿತು. ದೊಡ್ಡ ರಸ್ತೆಯ ಕಡೆ ಗಾಜು ಒಡೆಯುವ ಸದ್ದು ಕೇಳಿಸುತ್ತಿತ್ತು. ಸಿಬ್ಬಂದಿ ತಮ್ಮ ತಮ್ಮ ಮನೆಗಳಿಗೆ ತೆರಳಿದ್ದಾರೆ, ಎಂದಿತು. ಅವಳು ಅವನ ಕಂಕುಳಿನಿಂದ ಉತ್ತರಪತ್ರಿಕೆಗಳ ಕಟ್ಟನ್ನು ತೆಗೆದುಕೊಂಡು, ಕಿತ್ತುಹೋದ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಳ್ಳುವಂತೆ ಹೇಳಿ, ಮುಂದಿನ ಸಲ ರೇಡಿಯೋದಲ್ಲಿ ಹಾಕುವಷ್ಟರಲ್ಲಿ ಅದೊಂದು ವಾಕ್ಯವಾದರೂ ನಿಜವಾಗಿರಲಿ ಎಂದು ಬಿರಬಿರನೆ ನಡೆದಳು.